ಹಾರದ ವಿಮಾನದಲ್ಲಿ ಹಾರಾಟದ ಪಾಠ

ಗೊಬ್ಬರ, ಔಷಧಿ, ಧಾರಣೆಗಳ ಮಾತೇ ತುಂಬಿರುವ ನಮ್ಮ ಈ ಪತ್ರಿಕೆಯಲ್ಲಿ ವಿಮಾನದ ವಿಚಾರವೇಕೆ ಎಂದು ಬೆಳೆಗಾರ ಬಂಧುಗಳು ಕೇಳಬಹುದು. ಕಾರಣವಿದೆ. ಮಳೆಗಾಲ ಹಿಡಿಯುವ ಮುನ್ನ ಮೈಲುತುತ್ತು ಕೊಳ್ಳಲೆಂದು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು, ಚೀಟಿ ಬರೆಯಿಸಿಕೊಂಡು ಹೊರಡುವ ಹೊತ್ತಿಗೆ ಬೇರೊಂದು ಕಾಗದವನ್ನು ನಮ್ಮ ಮುಂದಿಟ್ಟರು. ಪಿ.ಯು.ಸಿ. ಓದುತ್ತಿರುವ ಅವರ ಮಗ ಬರೆದ ಸಾಮಾನಿನ ಪಟ್ಟಿ ಅದು. ಮನೆಯ ಅಟ್ಟದಲ್ಲಿ ವಿಮಾನದ ಚಾಲಕ ಕೂರುವ ಕೋಣೆಯನ್ನು, ಅಂದರೆ ಕಾಕ್‌ಪಿಟ್ಟನ್ನು ಕಟ್ಟಿ, ಕಂಪ್ಯೂಟರಿಗೆ ಜೋಡಿಸಿ, ನೆಲದ ಮೇಲೆಯೇ ಹಾರಾಟದ ಅಭ್ಯಾಸ ಮಾಡಬೇಕೆಂಬುದು ಹುಡುಗನ ಆಸೆ. ಮೂರು ದೊಡ್ಡ ಪರದೆ, ಪರದೇಶದಿಂದ ತರಿಸಬೇಕಾದ ಹಿಡಿಕೆ, ಪೆಡಲು, ಇನ್ನೂ ಏನೇನೋ ಆ ಪಟ್ಟಿಯಲ್ಲಿದ್ದುವು.

"ಇದಕ್ಕೆ ಹಣ ಹಾಕಿದರೆ ಈ ಸಲ ಔಷಧಿ ಹೊಡೆಸುವ ಕೂಲಿಗೆ ತತ್ವಾರ. ಬೇಡವೆಂದರೆ ಹುಡುಗ ಮುಖ ಸಣ್ಣದು ಮಾಡಿಕೊಂಡು ಕೂರುತ್ತಾನೆ. ಇದು ಆಟವೋ ವಿದ್ಯೆಯೋ, ನೀವೇ ಒಂದು ಮಾತು ಹೇಳಿ" ಎಂದರು.

ಅಂದು ನಮಗೆ ಉತ್ತರ ತೋಚಲಿಲ್ಲ. ಆ ಬಳಿಕ ಓದಿ, ತಿಳಿದವರನ್ನು ವಿಚಾರಿಸಿ ಸಂಗ್ರಹಿಸಿದ ವಿಷಯವನ್ನು ಇಲ್ಲಿ ಕೊಟ್ಟಿದ್ದೇವೆ. ಇಂಥ ಆಸೆಯ ಮಕ್ಕಳು ಈಗ ಒಂದೇ ಮನೆಯಲ್ಲಿಲ್ಲ. ಆದುದರಿಂದ ಉತ್ತರವನ್ನು ಎಲ್ಲರ ಮುಂದಿಡುವುದು ಲೇಸೆಂದು ತೋರಿತು.

ಪೀಪಾಯಿಯಿಂದ ಆರಂಭ

ತೋಟಕ್ಕೆ ಹೊಸದಾಗಿ ಬಂದ ಹುಡುಗನನ್ನು ಮೊದಲ ದಿನವೇ ಅರುವತ್ತಡಿಯ ಅಡಿಕೆ ಮರಕ್ಕೆ ನಾವು ಹತ್ತಿಸುವುದಿಲ್ಲ. ಆಳೆತ್ತರದಲ್ಲಿ ಹತ್ತಿ ಇಳಿದು, ಕಾಲಿಗೂ ಕೈಗೂ ಹದ ಬಂದ ಮೇಲೆಯೇ ಮೇಲಿನ ಮಾತು. ಬಿದ್ದರೂ ಪೆಟ್ಟಾಗದ ಎತ್ತರದಲ್ಲಿ ತಪ್ಪು ಮಾಡಿ ಕಲಿಯಲಿ ಎಂಬುದೇ ಇದರ ಮರ್ಮ. ವಿಮಾನಕ್ಕೆ ಈ ಕ್ರಮ ಒಗ್ಗುವುದಿಲ್ಲ. ಆಳೆತ್ತರದಲ್ಲಿ ಹಾರುವ ವಿಮಾನವೇ ಎಲ್ಲಕ್ಕಿಂತ ಅಪಾಯದ್ದು. ಹಾಗಾದರೆ ಹೊಸಬನು ತಪ್ಪು ಮಾಡುವುದೆಲ್ಲಿ?

ಈ ಪ್ರಶ್ನೆ ವಿಮಾನದಷ್ಟೇ ಹಳೆಯದು. ರೈಟ್ ಸೋದರರು ಹಾರಿದ್ದು 1903ರ ಡಿಸೆಂಬರಿನಲ್ಲಿ. ಅದಾಗಿ ಏಳೆಂಟು ವರ್ಷ ಕಳೆಯುವುದರೊಳಗೆ ಫ್ರಾನ್ಸಿನಲ್ಲಿ ಆಂಟೊಯ್ನೆಟ್ ಎಂಬ ವಿಮಾನವನ್ನು ಕಲಿಸುವುದಕ್ಕಾಗಿ ಒಂದು ಉಪಾಯ ಹೂಡಿದರು. ಮರದ ಪೀಪಾಯಿಯನ್ನು ಎರಡು ಹೋಳು ಮಾಡಿ, ಒಂದರ ಮೇಲೊಂದು ಕೂರಿಸಿ, ಮೇಲಿನ ಹೋಳಿನಲ್ಲಿ ಆಸನವನ್ನೂ ವಿಮಾನದಲ್ಲಿರುವಂಥ ತಿರುಗುಚಕ್ರಗಳನ್ನೂ ಇಟ್ಟರು. ಕಲಿಯುವವನು ಅದರಲ್ಲಿ ಕೂತರೆ ಸುತ್ತಲೂ ನಿಂತವರು ಆ ಪೀಪಾಯಿಯನ್ನು ಕೈಯಿಂದ ತಳ್ಳಿ ಓಲಾಡಿಸುವರು. ಅವನು ಚಕ್ರ ತಿರುಗಿಸಿ ಸಮತೂಕಕ್ಕೆ ಬರಬೇಕು. ನೋಡಿದವರಿಗೆ ನಗು ಬರುವ ಸಾಧನವೇ ಹೌದು. ಆದರೆ ಅದರಲ್ಲಿ ತಪ್ಪಿದವನು ಸತ್ತಿಲ್ಲ ಎಂಬುದು ಮುಖ್ಯ.

ಆರ್ಗನ್ ಕಾರ್ಖಾನೆಯ ನೆಲಮಾಳಿಗೆ

ಮನೆಯಲ್ಲಿದ್ದ ಸಾಮಾನಿನಿಂದಲೇ ಹಾರದ ವಿಮಾನ ಕಟ್ಟಿದವರ ಪೈಕಿ ಎಲ್ಲಕ್ಕಿಂತ ದೊಡ್ಡ ಹೆಸರು ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನದು. 1904ರಲ್ಲಿ ಹುಟ್ಟಿದ ಈತನ ತಂದೆಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ ಇತ್ತು. ಆಗಿನ ಸಿನಿಮಾಗಳಿಗೆ ಮಾತಿರಲಿಲ್ಲ. ಚಿತ್ರ ಓಡುವಾಗ ಟಾಕೀಸಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ತಾನಾಗಿಯೇ ನುಡಿಯುವ ಪಿಯಾನೊಗಳಿಗೂ ಒಳ್ಳೆಯ ಗಿರಾಕಿ ಇತ್ತು.

ಈ ವಾದ್ಯಗಳ ಒಳಗುಟ್ಟು ನಮಗೆ ಹೊಸತೇನಲ್ಲ. ಹಾರ್ಮೋನಿಯಮ್ಮಿನ ತಿದಿಯನ್ನು ಕಂಡವರಿಗೆ ಕೂಡಲೇ ಅರ್ಥವಾದೀತು. ತಾನಾಗಿ ನುಡಿಯುವ ಪಿಯಾನೊದಲ್ಲಿ ಉದ್ದನೆಯ ಕಾಗದದ ಸುರುಳಿಯಲ್ಲಿ ತೂತುಗಳಿರುತ್ತವೆ. ತೂತು ಬಂದಾಗ ಗಾಳಿ ಒಳಗೆ ನುಗ್ಗಿ ಒಂದು ಚಿಕ್ಕ ಕವಾಟ ತೆರೆಯುತ್ತದೆ. ಆಗ ಪಂಪು ಆ ಸ್ವರದ ತಿದಿಯೊಳಗಿನ ಗಾಳಿಯನ್ನು ಹೀರಿ, ತಿದಿ ಮುದುಡಿ, ಪಿಯಾನೊದ ಸುತ್ತಿಗೆಯನ್ನು ಎಳೆಯುತ್ತದೆ. ಅಂದರೆ ಸಣ್ಣ ಕವಾಟವೊಂದನ್ನು ಆಡಿಸಿದರೆ ದೊಡ್ಡ ತಿದಿ ಕೆಲಸ ಮಾಡುತ್ತದೆ. ಲಿಂಕ್ ಎಳೆವೆಯಿಂದ ಕಂಡು, ಬಿಚ್ಚಿ, ರಿಪೇರಿ ಮಾಡಿ ಬಲ್ಲದ್ದು ಇದೊಂದೇ ವಿದ್ಯೆ.

1920ರಲ್ಲಿ ಆತ ಕ್ಯಾಲಿಫೋರ್ನಿಯದಲ್ಲಿ ಹಾರಾಟದ ಮೊದಲ ಪಾಠಕ್ಕೆ ಹೋದ. ಆ ಶಾಲೆ ಸಿನಿಮಾದ ಚಾರ್ಲಿ ಚಾಪ್ಲಿನ್ನನ ಅಣ್ಣ ಸಿಡ್ನಿ ಚಾಪ್ಲಿನ್ನನದು. ಪಾಠಕ್ಕೆ 50 ಡಾಲರ್ ತೆತ್ತದ್ದಾಯಿತು; ವಿಮಾನ ಆಕಾಶದಲ್ಲಿ ಲಾಗ ಹಾಕಿದ್ದೂ ಆಯಿತು. ಆದರೆ ಇಳಿಯುವವರೆಗೆ ತನ್ನ ಕೈಗೆ ಹಿಡಿಕೆಯನ್ನೇ ಕೊಡಲಿಲ್ಲವೆಂದು ಲಿಂಕ್ ಮುಂದೆ ಹೇಳಿಕೊಂಡಿದ್ದಾನೆ. ದುಡ್ಡು ತೆತ್ತೂ ಕೈಗೆ ಏನೂ ಬರಲಿಲ್ಲ ಎಂಬ ಕೊರಗು ಆತನನ್ನು ಬಿಡಲಿಲ್ಲ. ಹಾಗೂ ಹೀಗೂ ಹಾರಾಟ ಕಲಿತು, ಸೆಸ್ನಾ ಕಂಪನಿ ಮಾರಿದ ಆರಂಭದ ವಿಮಾನಗಳಲ್ಲೊಂದನ್ನು ಕೊಂಡು, ಊರೂರಿಗೆ ಹೋಗಿ ಹಾರಾಟ ತೋರಿಸಿ ಹೊಟ್ಟೆ ಹೊರೆದ.

1927ರಲ್ಲಿ ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಆತನು ಕೆಲಸ ಆರಂಭಿಸಿದ. ಪ್ಲೈವುಡ್ಡು ಮತ್ತು ಮರದಿಂದ ಒಬ್ಬರು ಕೂರುವಷ್ಟು ಪುಟ್ಟ ವಿಮಾನ. ಅದಕ್ಕೆ ಮೊಂಡು ರೆಕ್ಕೆ, ಬಾಲ. ಇಡೀ ಪೆಟ್ಟಿಗೆ ಎತ್ತ ಬೇಕಾದರೂ ವಾಲುವಂತೆ ಒಂದು ಕೀಲಿನ ಮೇಲೆ ನಿಂತಿದೆ. ಕೆಳಗೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಆರ್ಗನ್ನಿನ ತಿದಿಗಳು. ಕರೆಂಟಿನ ಪಂಪು ಗಾಳಿ ಹೀರುತ್ತದೆ. ಚಾಲಕ ಹಿಡಿಕೆಯನ್ನು ಎಡಕ್ಕೆ ಒತ್ತಿದರೆ ಕವಾಟ ತೆರೆದು ಎಡಗಡೆಯ ತಿದಿ ಮುದುಡುತ್ತದೆ, ಬಲಗಡೆಯದು ಹಿಗ್ಗುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ. ಪೆಡಲು ಒತ್ತಿದರೆ ಸಣ್ಣ ತಿದಿಗಳ ಸಾಲಿನಿಂದ ಓಡುವ ಗಾಳಿಮೋಟಾರು ಇಡೀ ಪೆಟ್ಟಿಗೆಯನ್ನು ಸುತ್ತ ತಿರುಗಿಸುತ್ತದೆ. ಆ ಮೋಟಾರು ಕೂಡ ಪಿಯಾನೊದಲ್ಲಿ ಕಾಗದದ ಸುರುಳಿ ಸುತ್ತುವ ಮೋಟಾರಿನ ಜಾತಿಯದೇ. ಸುಮಾರು ಒಂದೂವರೆ ವರ್ಷ ದುಡಿದು, 1929ರಲ್ಲಿ ಲಿಂಕ್ ಇದಕ್ಕೆ ಪೇಟೆಂಟ್ ಕೇಳಿದ; 1931ರಲ್ಲಿ ಅದು ದೊರೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆತನು ವಿಮಾನದ ಚಂದವನ್ನು ನಕಲು ಮಾಡಲಿಲ್ಲ. ಹಿಡಿಕೆಗೆ ವಿಮಾನ ಹೇಗೆ ಉತ್ತರ ಕೊಡುತ್ತದೋ ಆ ಉತ್ತರವನ್ನು ನಕಲು ಮಾಡಿದ. ಅದಕ್ಕೆ ಬೇಕಾದ ಸಾಮಾನು ಕಾಲ ಬುಡದಲ್ಲೇ ಇತ್ತು.

ಗಿರಾಕಿ ಇಲ್ಲದ ಯಂತ್ರ

ಯಂತ್ರವೇನೋ ಆಯಿತು, ಕೊಳ್ಳುವವರಿಲ್ಲ. ನಿಜವಾದ ವಿಮಾನವಿರುವಾಗ ಈ ತೊಟ್ಟಿಲು ಏತಕ್ಕೆ ಎಂದು ಹಾರಾಟದ ಶಾಲೆಗಳು ಮುಖ ತಿರುಗಿಸಿದವು. 1929ರ ಆರ್ಥಿಕ ಕುಸಿತ ಬೇರೆ ಬಂತು. ಮಾತನಾಡುವ ಸಿನಿಮಾ ಬಂದು ಟಾಕೀಸಿನ ಆರ್ಗನ್ನಿಗೂ ಗಿರಾಕಿ ಇಲ್ಲವಾಯಿತು. ಕೊನೆಗೆ ಈ ಯಂತ್ರಗಳು ಹೆಚ್ಚಾಗಿ ಹೋದುದು ಮನರಂಜನೆಯ ಮೈದಾನಗಳಿಗೆ. ನಮ್ಮ ಜಾತ್ರೆಯ ತಿರುಗುತೊಟ್ಟಿಲಿನಂತೆ ಕಾಸು ಕೊಟ್ಟು ಕೂತು ಓಲಾಡುವ ಆಟಿಕೆಯಾಗಿ. ಪೇಟೆಂಟಿನ ಹೆಸರಿನಲ್ಲಿಯೂ ಕಲಿಕೆಯ ಜೊತೆಗೆ ಮನರಂಜನೆಯ ಮಾತು ಸೇರಿದೆ. ಲಿಂಕ್ ಸ್ವತಃ ಒಂದು ಹಾರಾಟದ ಶಾಲೆ ತೆರೆದು ಅದರಲ್ಲಿ ತನ್ನ ಯಂತ್ರವನ್ನು ಬಳಸತೊಡಗಿದ. ನೆಲದಲ್ಲಿ ಕೈ ಪಳಗಿಸಿಕೊಂಡವನಿಗೆ ಆಕಾಶದಲ್ಲಿ ಕಳೆಯಬೇಕಾದ ದುಬಾರಿ ಗಂಟೆಗಳು ಕಡಿಮೆ ಸಾಕಾದವು.

ಅಂಚೆ ಚೀಲ ಮತ್ತು ಮಂಜು

ಲೋಕ ಕಣ್ಣು ತೆರೆದದ್ದು ದುರಂತದಿಂದ. 1934ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಸರಕಾರ ಖಾಸಗಿ ಕಂಪನಿಗಳ ವಿಮಾನ ಅಂಚೆ ಗುತ್ತಿಗೆಯನ್ನು ರದ್ದು ಮಾಡಿ, ಅಂಚೆ ಸಾಗಿಸುವ ಕೆಲಸವನ್ನು ಸೇನೆಯ ವೈಮಾನಿಕರಿಗೆ ವಹಿಸಿತು. ಅದು ಕಡು ಚಳಿಗಾಲ. ಹಿಮ, ಮಂಜು, ರಾತ್ರಿಯ ಹಾರಾಟ. ಸೇನೆಯ ತರುಣರು ಹಗಲಿನಲ್ಲಿ, ನೆಲ ಕಾಣುವಾಗ ಹಾರಿ ಅಭ್ಯಾಸವಿದ್ದವರು. ಏನೂ ಕಾಣದಾಗ ಮುಳ್ಳುಗಳನ್ನು ನೋಡಿಯೇ ಹಾರುವ ವಿದ್ಯೆ ಬಹಳ ಮಂದಿಗೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಒಂದರ ಮೇಲೊಂದು ಅಪಘಾತ. ಹತ್ತಕ್ಕೂ ಮಿಕ್ಕಿ ವೈಮಾನಿಕರು ಪ್ರಾಣ ಬಿಟ್ಟರು. ಸತ್ತದ್ದು ಯುದ್ಧದಲ್ಲಲ್ಲ, ಕಾಗದದ ಚೀಲ ಹೊತ್ತು.

ಆಗ ಸೇನೆಯವರಿಗೆ ಲಿಂಕ್‌ನ ನೆನಪಾಯಿತು. ಆತನನ್ನು ಕಾಣಲು ಅಧಿಕಾರಿಗಳು ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದರು. ಆ ದಿನ ದಟ್ಟ ಮಂಜು. ಇಂಥ ಹವೆಯಲ್ಲಿ ಯಾರೂ ಬಾರರೆಂದು ಅವರು ಹೊರಟು ನಿಂತಿದ್ದರು. ಅಷ್ಟರಲ್ಲಿ ಮಂಜನ್ನು ಸೀಳಿಕೊಂಡು ಲಿಂಕ್ ತಾನೇ ವಿಮಾನ ಹಾರಿಸಿಕೊಂಡು ಬಂದಿಳಿದ. ಮುಳ್ಳು ನೋಡಿ ಹಾರುವುದು ಕಲಿಯಬಹುದಾದ ವಿದ್ಯೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೇನೆ ತಲಾ 3,500 ಡಾಲರಿನಂತೆ ಆರು ಯಂತ್ರಗಳನ್ನು ಕೊಂಡಿತು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಥ ಹತ್ತು ಸಾವಿರದಷ್ಟು ಯಂತ್ರಗಳು ತಯಾರಾಗಿ, ಐದು ಲಕ್ಷದಷ್ಟು ವೈಮಾನಿಕರು ಅದರಲ್ಲಿ ಪಳಗಿದ್ದರೆಂದು ದಾಖಲೆಗಳು ಹೇಳುತ್ತವೆ. ನೀಲಿ ಬಣ್ಣ ಬಳಿದಿದ್ದುದರಿಂದ ಅದಕ್ಕೆ ನೀಲಿ ಪೆಟ್ಟಿಗೆ ಎಂದೇ ಹೆಸರು ಬಿತ್ತು. ನಮ್ಮ ದೇಶದ ವಾಯುಪಡೆಯ ತರಬೇತಿಯಲ್ಲೂ ಲಿಂಕ್ ಯಂತ್ರ ಬಳಕೆಯಲ್ಲಿತ್ತು.

ದೇಹ ಹೇಳುವ ಸುಳ್ಳು

ಮಂಜಿನಲ್ಲಿ ಬಲ್ಲ ಚಾಲಕನೂ ಬೀಳುವುದೇಕೆ? ಇದನ್ನು ತಿಳಿಯದೆ ಈ ಯಂತ್ರದ ಬೆಲೆ ತಿಳಿಯದು.

ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಬಾಗಿದ ಕೊಳವೆಗಳಿವೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಒಳಗಿನ ಸೂಕ್ಷ್ಮ ಕೂದಲುಗಳು ಬಾಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆದರೆ ಒಂದೇ ಸಮನೆ ತಿರುಗುತ್ತಿದ್ದರೆ ಸುಮಾರು ಇಪ್ಪತ್ತು ಸೆಕೆಂಡಿನೊಳಗೆ ದ್ರವವೂ ಅದೇ ವೇಗಕ್ಕೆ ಬಂದು ಸುದ್ದಿ ನಿಂತುಹೋಗುತ್ತದೆ. ವಿಮಾನ ವಾಲಿಕೊಂಡು ತಿರುಗುತ್ತಲೇ ಇದ್ದರೂ ಚಾಲಕನಿಗೆ ನೇರವಾಗಿ ಹೋಗುತ್ತಿದ್ದೇನೆ ಎನಿಸುತ್ತದೆ. ಅದನ್ನು ಸರಿಪಡಿಸಿದಾಗ ಈಗ ಎದುರು ದಿಕ್ಕಿಗೆ ವಾಲಿದೆ ಎನಿಸುತ್ತದೆ. ಚಿಕ್ಕಂದಿನಲ್ಲಿ ಗಿರಗಿರನೆ ಸುತ್ತಿ ಥಟ್ಟನೆ ನಿಂತಾಗ ಅಂಗಳವೇ ಸುತ್ತಿದಂತೆ ಕಂಡದ್ದು ಇದರಿಂದಲೇ. ವಾಲಿದ ವಿಮಾನದ ಮೂಗು ತಗ್ಗುತ್ತದೆ. ಎತ್ತರ ಕಡಿಮೆಯಾಗುವುದನ್ನು ಕಂಡು ಚಾಲಕ ಹಿಡಿಕೆಯನ್ನು ಹಿಂದಕ್ಕೆಳೆಯುತ್ತಾನೆ. ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. ನೆಲ ಮುಟ್ಟುವವರೆಗೆ ತಪ್ಪು ತಿಳಿಯುವುದಿಲ್ಲ.

ಇದಕ್ಕೆ ಮದ್ದು ಒಂದೇ: ದೇಹ ಏನೇ ಹೇಳಲಿ, ಮುಳ್ಳು ಹೇಳಿದ್ದನ್ನು ನಂಬುವುದು. ಕಾಫಿ ಬೀಜ ಕಚ್ಚಿ ನೋಡಿ ಒಣಗಿದೆ ಎಂದು ಪಣ ಕಟ್ಟಿ, ತಕ್ಕಡಿಯ ಮುಂದೆ ಸೋತವರು ನಮ್ಮಲ್ಲೂ ಇದ್ದಾರೆ. ಆದರೆ ಮೈ ಒಂದು ಹೇಳುವಾಗ ಮುಳ್ಳನ್ನು ನಂಬುವುದು ಬುದ್ಧಿಗೆ ಸುಲಭ, ಕೈಗೆ ಕಷ್ಟ. ನೂರು ಸಲ ಮಾಡಿಯೇ ಅದು ರೂಢಿಯಾಗಬೇಕು. ಲಿಂಕ್ ಯಂತ್ರದಲ್ಲಿ ಚಾಲಕನ ಮೇಲೆ ಮುಚ್ಚಳ ಹಾಕುತ್ತಿದ್ದರು. ಹೊರಗೆ ಮೇಜಿನ ಮುಂದೆ ಗುರು; ಮೇಜಿನ ನಕ್ಷೆಯ ಮೇಲೆ ಏಡಿಯಂತೆ ಹರಿದಾಡುವ ಪುಟ್ಟ ಗಾಡಿ, ಶಿಷ್ಯ "ಹಾರಿದ" ದಾರಿಯನ್ನು ಶಾಯಿಯಲ್ಲಿ ಗೀರುತ್ತಿತ್ತು. ಮುಚ್ಚಳ ತೆಗೆದ ಮೇಲೆ ಶಿಷ್ಯನು ತಾನು ಬೆಟ್ಟಕ್ಕೆ ಡಿಕ್ಕಿ ಹೊಡೆದ ಜಾಗವನ್ನು ತಾನೇ ನೋಡಬಹುದಿತ್ತು. ನೋಡಿ, ಕಾಫಿ ಕುಡಿದು, ಮತ್ತೆ ಕೂರಬಹುದಿತ್ತು.

ಇಂದಿನ ಮನೆಯ ಕಾಕ್‌ಪಿಟ್

ಈಗ ತಿದಿಯ ಕೆಲಸವನ್ನು ಕಂಪ್ಯೂಟರಿನ ಲೆಕ್ಕ ಮಾಡುತ್ತದೆ. ಬ್ರೂಸ್ ಆರ್ಟ್‌ವಿಕ್ ಎಂಬ ತಂತ್ರಜ್ಞ ರೂಪಿಸಿದ ಹಾರಾಟದ ಕಾರ್ಯಕ್ರಮವನ್ನು ಮೈಕ್ರೋಸಾಫ್ಟ್ ಕಂಪನಿ 1982ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಹಾರುವ ಹವ್ಯಾಸ ಹಬ್ಬಿತು. ಇಂದು ಫ್ಲೈಟ್‌ಗಿಯರ್ ಎಂಬ ಕಾರ್ಯಕ್ರಮವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆದು ಬಳಸಬಹುದು. ಅಂದರೆ ವಿಮಾನ ಧರ್ಮಕ್ಕೆ ಸಿಗುತ್ತದೆ. ಕಟ್ಟಬೇಕಾದದ್ದು ಕೈಕಾಲಿಗೆ ಸಿಗುವ ಭಾಗ ಮಾತ್ರ. ಅದನ್ನು ಕಡಿಮೆ ಖರ್ಚಿನಲ್ಲಿ ಕಟ್ಟುವ ಕ್ರಮ ಹೀಗಿದೆ.

1. ಯಾವ ವಿಮಾನ? ಮೊದಲು ಇದು ನಿಶ್ಚಯವಾಗಲಿ. ದೊಡ್ಡ ಜೆಟ್ ವಿಮಾನಕ್ಕೆ ಕೈ ಹಾಕಿದರೆ ನೂರಾರು ಸ್ವಿಚ್ಚು, ಮುಗಿಯದ ಕೆಲಸ. 1955ರಲ್ಲಿ ಮೊದಲು ಹಾರಿದ, 44,000ಕ್ಕೂ ಮಿಕ್ಕಿ ತಯಾರಾದ ಸೆಸ್ನಾ 172ರಂಥ ನಾಲ್ಕು ಸೀಟಿನ ಸಣ್ಣ ವಿಮಾನ ಸಾಕು. ಕಲಿಯುವವರು ನಿಜವಾಗಿ ಕಲಿಯುವುದೂ ಇಂಥದ್ದರಲ್ಲೇ.

2. ರಟ್ಟಿನ ಮಾದರಿ. ಮರಕ್ಕೆ ಗರಗಸ ಹಾಕುವ ಮೊದಲು ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಪೂರ್ತಿ ಅಳತೆಯ ಮಾದರಿ ಮಾಡಿ ಅದರಲ್ಲಿ ಕೂತು ನೋಡಬೇಕು. ಮೊಣಕಾಲು ತಾಗುತ್ತದೆಯೇ, ಕೈ ಚಾಚಿದರೆ ಗುಂಡಿ ಸಿಗುತ್ತದೆಯೇ, ಮುಳ್ಳು ಕಾಣುತ್ತದೆಯೇ? ರಟ್ಟಿನಲ್ಲಿ ಆದ ತಪ್ಪಿಗೆ ಅಂಟು ಸಾಕು, ಪ್ಲೈವುಡ್ಡಿನಲ್ಲಿ ಆದ ತಪ್ಪಿಗೆ ಹೊಸ ಹಲಗೆ ಬೇಕು. ಆಸನಕ್ಕೆ ಗುಜರಿಯ ಕಾರಿನ ಸೀಟು ಬಹಳ ಒಳ್ಳೆಯದು.

3. ಹಿಡಿಕೆ. ರೇಡಿಯೋದ ದನಿ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿಯ ಹಿಂದೆ ಇರುವ ಪೊಟೆನ್ಶಿಯೊಮೀಟರ್ ಇದರ ಜೀವ. 10 ಕಿಲೋ ಓಮಿನ, ಒಂದೇ ಸಮನೆ ಏರುವ ಜಾತಿಯದು ಬೇಕು. ಬೆಲೆ ಹತ್ತಾರು ರೂಪಾಯಿಗಳ ಮಾತು. ಎಡಬಲಕ್ಕೆ ಒಂದು, ಹಿಂದುಮುಂದಕ್ಕೆ ಒಂದು. ಇವುಗಳ ತಂತಿಗಳನ್ನು ಆರ್ಡುಯಿನೊ ಲಿಯೊನಾರ್ಡೊ ಅಥವಾ ಅದೇ ಚಿಪ್ಪಿನ ಪ್ರೊ ಮೈಕ್ರೊ ಎಂಬ ಪುಟ್ಟ ಹಲಗೆಗೆ ಬೆಸೆದರೆ ಕಂಪ್ಯೂಟರ್ ಅದನ್ನು ಅಂಗಡಿಯ ಜಾಯ್‌ಸ್ಟಿಕ್ ಎಂದೇ ತಿಳಿಯುತ್ತದೆ.

ಇಲ್ಲಿ ಹೆಚ್ಚಿನವರು ಎಡವುವ ಜಾಗವೊಂದಿದೆ. ಪೊಟೆನ್ಶಿಯೊಮೀಟರ್ ಸುಮಾರು 270 ಡಿಗ್ರಿ ತಿರುಗುತ್ತದೆ. ಹಲಗೆ ಆ ಇಡೀ ತಿರುವನ್ನು 1,024 ಮೆಟ್ಟಿಲಾಗಿ ಎಣಿಸುತ್ತದೆ. ಆದರೆ ಹಿಡಿಕೆ ಆಡುವುದು 40 ಡಿಗ್ರಿಯಷ್ಟೆ. ನೇರವಾಗಿ ಜೋಡಿಸಿದರೆ ಸಿಗುವುದು ಸುಮಾರು 150 ಮೆಟ್ಟಿಲು, ವಿಮಾನ ಕುಂಟುತ್ತದೆ. ಹಾಳಾದ ಪ್ರಿಂಟರಿನಿಂದ ಬಿಚ್ಚಿದ ಹಲ್ಲುಗಾಲಿಗಳಲ್ಲಿ ಹಿಡಿಕೆಗೆ 60 ಹಲ್ಲಿನದನ್ನೂ ಪೊಟೆನ್ಶಿಯೊಮೀಟರಿಗೆ 12 ಹಲ್ಲಿನದನ್ನೂ ಹಾಕಿದರೆ ತಿರುವು ಐದು ಪಟ್ಟಾಗಿ 750ರಷ್ಟು ಮೆಟ್ಟಿಲು ಸಿಗುತ್ತವೆ. ದುಬಾರಿ ಸಾಮಾನು ಮಾಡುವ ಕೆಲಸವನ್ನು ಎರಡು ಗುಜರಿ ಗಾಲಿ ಮಾಡಿದಂತಾಯಿತು. ಕೈ ಬಿಟ್ಟರೆ ಹಿಡಿಕೆ ನಡುವಿಗೆ ಮರಳಲು ಎರಡು ಕಡೆ ಸಮ ಬಿಗಿಯ ಸ್ಪ್ರಿಂಗು ಇರಲಿ.

4. ಪೆಡಲು. ಎಡಗಾಲು ಒತ್ತಿದರೆ ಬಲಗಾಲು ಹಿಂದೆ ಬರಬೇಕು. ಗಟ್ಟಿಮರದ ಪಟ್ಟಿಯೊಂದನ್ನು ನಡುವೆ ಬೋಲ್ಟು ಹಾಕಿ ಹಲಗೆಗೆ ಕೂರಿಸಿ, ಎರಡು ತುದಿಗೆ ಕಾಲಿಟ್ಟರೆ ಆಯಿತು. ಹಳೆಯ ವಿಮಾನಗಳಲ್ಲಿ ಇದ್ದದ್ದೂ ಇಂಥ ಪಟ್ಟಿಯೇ. ಬೋಲ್ಟಿಗೆ ಮೂರನೆಯ ಪೊಟೆನ್ಶಿಯೊಮೀಟರ್. ಕಾಲಿನ ಬಲ ಹೆಚ್ಚು. ಆದುದರಿಂದ ಹಲಗೆಯನ್ನು ಆಸನದ ಚೌಕಟ್ಟಿಗೆ ಬಿಗಿಯದಿದ್ದರೆ ಒತ್ತಿದಾಗಲೆಲ್ಲ ಪೆಡಲು ಮುಂದಕ್ಕೆ ಜಾರುತ್ತದೆ.

5. ಎಂಜಿನಿನ ಗುಂಡಿಗಳು. ಸೆಸ್ನಾದಲ್ಲಿ ಒತ್ತಿ ಎಳೆಯುವ ಎರಡು ಗುಂಡಿಗಳಿವೆ: ಎಂಜಿನಿನ ವೇಗಕ್ಕೆ ಕಪ್ಪು, ಪೆಟ್ರೋಲು ಮತ್ತು ಗಾಳಿಯ ಪ್ರಮಾಣಕ್ಕೆ ಕೆಂಪು. ಇವಕ್ಕೆ ನೇರವಾಗಿ ಜಾರುವ ಪೊಟೆನ್ಶಿಯೊಮೀಟರ್ ಹೊಂದುತ್ತದೆ.

6. ಮುಳ್ಳುಗಳು. ಒಂದೊಂದು ಮಾಪಕವನ್ನೂ ಕಟ್ಟಲು ಹೊರಟರೆ ಹಣವೂ ತಾಳ್ಮೆಯೂ ಮುಗಿದಾವು. ಮೂಲೆಯಲ್ಲಿ ಬಿದ್ದ ಹಳೆಯ ಮಾನಿಟರನ್ನು ನಿಲ್ಲಿಸಿ, ಅದರ ಮುಂದೆ ಆರು ದುಂಡನೆಯ ಕಿಂಡಿ ಕೊರೆದ ತೆಳು ಪ್ಲೈವುಡ್ಡು ಇಟ್ಟರೆ ಸಾಕು. ಮುಳ್ಳುಗಳನ್ನು ಕಂಪ್ಯೂಟರ್ ಬರೆಯುತ್ತದೆ. ನಿಜವಾದ ವಿಮಾನದಲ್ಲಿ ಈ ಕಿಂಡಿಯ ಅಳತೆ 3⅛ ಅಂಗುಲ, ಅಂದರೆ ಸುಮಾರು 80 ಮಿಲಿಮೀಟರ್. ಮೇಲಿನ ಸಾಲಿನಲ್ಲಿ ವೇಗ, ಕೃತಕ ದಿಗಂತ, ಎತ್ತರ. ಕೆಳಗಿನ ಸಾಲಿನಲ್ಲಿ ತಿರುವು, ದಿಕ್ಕು, ಏರಿಳಿತ. ಮಂಜಿನಲ್ಲಿ ಜೀವ ಉಳಿಸುವುದು ಈ ಆರೇ. ಹೊರನೋಟಕ್ಕೆ ಮನೆಯಲ್ಲಿರುವ ಒಂದು ಪರದೆ ಸಾಕು.

ಮೂರು ಪರದೆ, ಬಣ್ಣ, ದೀಪ, ಸದ್ದುಗಳೆಲ್ಲ ಇವಿಷ್ಟು ಕೆಲಸ ಮಾಡಿದ ಮೇಲಿನ ಮಾತು. ಹುಡುಗನ ಪಟ್ಟಿಯಲ್ಲಿ ಇವೇ ಮೊದಲಿಗಿದ್ದುವು. ಹಣದ ಮುಕ್ಕಾಲು ಪಾಲೂ ಇವಕ್ಕೇ ಬೇಕಿತ್ತು.

ಕೆಲವು ಎಚ್ಚರಿಕೆಗಳು

ಇಡೀ ಕೆಲಸ 5 ವೋಲ್ಟಿನಲ್ಲಿ, ಕಂಪ್ಯೂಟರಿನ ಯು.ಎಸ್.ಬಿ. ತಂತಿಯಿಂದಲೇ ಆಗುತ್ತದೆ. ಮನೆಯ 230 ವೋಲ್ಟಿನ ತಂತಿಯನ್ನು ಯಾವ ಕಾರಣಕ್ಕೂ ಈ ಹಲಗೆಯೊಳಕ್ಕೆ ತರಬಾರದು. ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಿತ್ತಿಡುವುದು ನಮ್ಮ ಕಡೆಯವರಿಗೆ ಹೇಳಬೇಕಾದುದಲ್ಲ. ಅಟ್ಟದಲ್ಲಿ ಇಲಿಯ ಕಾಟವಿದ್ದರೆ ತಂತಿಗಳನ್ನು ಪಿ.ವಿ.ಸಿ. ಕೊಳವೆಯೊಳಗೆ ಹಾಯಿಸಬೇಕು. ಜಡಿಮಳೆಯ ತಿಂಗಳಲ್ಲಿ ತೇವಕ್ಕೆ ಪೊಟೆನ್ಶಿಯೊಮೀಟರಿನ ಒಳಗೆ ಕಿಲುಬು ಹಿಡಿದು ಮುಳ್ಳು ತುಯ್ಯತೊಡಗಬಹುದು. ಅಯಸ್ಕಾಂತ ಬಳಸುವ ಹಾಲ್ ಸೆನ್ಸರಿಗೆ ಉಜ್ಜುವ ಭಾಗವಿಲ್ಲದ್ದರಿಂದ ಈ ತೊಂದರೆ ಕಡಿಮೆ. ಕ್ರಮೇಣ ಅದಕ್ಕೆ ಬದಲಿಸಬಹುದು. ಲಿಂಕ್‌ನ ಯಂತ್ರದಂತೆ ಓಲಾಡಿಸುವ ಆಸೆ ಮಾತ್ರ ಬೇಡ. ಮೋಟಾರಿನಿಂದ ಮನುಷ್ಯನನ್ನು ಎತ್ತಿ ಆಡಿಸುವ ಚೌಕಟ್ಟು ಕಳಚಿದರೆ ಮೂಳೆ ಮುರಿಯುತ್ತದೆ. ತರಬೇತಿಗೆ ಮನ್ನಣೆ ಪಡೆದ ಯಂತ್ರಗಳಲ್ಲೂ ಅಲುಗಾಡದೆ ನಿಂತವು ಅನೇಕ ಇವೆ.

ಎಲ್ಲಿಯವರೆಗೆ ಪ್ರಯೋಜನ?

ಮನೆಯ ಅಟ್ಟದಲ್ಲಿ ಸಾವಿರ ಗಂಟೆ ಕೂತರೂ ಲೈಸೆನ್ಸಿಗೆ ಅದು ಒಂದು ನಿಮಿಷವೂ ಅಲ್ಲ. ನಮ್ಮ ದೇಶದಲ್ಲಿ ಬಾಡಿಗೆ ವಿಮಾನ ನಡೆಸುವ ಲೈಸೆನ್ಸಿಗೆ 200 ಗಂಟೆಯ ಹಾರಾಟ ಬೇಕು. ಸರಕಾರದ ವಿಮಾನಯಾನ ಮಹಾನಿರ್ದೇಶನಾಲಯ ಮನ್ನಣೆ ಕೊಟ್ಟ ಯಂತ್ರದಲ್ಲಿ ಕಳೆದ ಕಾಲಕ್ಕೆ ಮಾತ್ರ, ಅದೂ ಮಿತಿಯೊಳಗೆ, ಲೆಕ್ಕವಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರಕಾರದ ಹಾರಾಟ ತರಬೇತಿ ಶಾಲೆ ಇದೆ. ಅಲ್ಲಾಗಲಿ ಬೇರೆಡೆಯಾಗಲಿ ಈ ತರಬೇತಿಗೆ ಹಲವು ಲಕ್ಷ ರೂಪಾಯಿ ತಗಲುತ್ತದೆ. ತೋಟ ಅಡವಿಟ್ಟು ಆ ದಾರಿ ಹಿಡಿಯುವ ಮೊದಲು ಹುಡುಗನಿಗೆ ನಿಜಕ್ಕೂ ಒಲವಿದೆಯೇ, ಒಂದೇ ಪಾಠವನ್ನು ಐವತ್ತು ಸಲ ಮಾಡುವ ತಾಳ್ಮೆ ಇದೆಯೇ ಎಂದು ತಿಳಿಯಲು ಅಟ್ಟದ ಈ ಪೆಟ್ಟಿಗೆಗಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಒಂದು ದೋಷವನ್ನೂ ಹೇಳಬೇಕು. ಪರದೆಯಲ್ಲಿ ಕಲಿತವರು ಮುಳ್ಳುಗಳನ್ನೇ ದಿಟ್ಟಿಸಿ, ತಿಳಿಯಾದ ಹಗಲಿನಲ್ಲೂ ಹೊರಗೆ ನೋಡುವುದನ್ನು ಮರೆಯುತ್ತಾರೆಂದು ಕಲಿಸುವವರ ದೂರು. ಅದಲ್ಲದೆ ಬಿದ್ದರೆ ಗುಂಡಿ ಒತ್ತಿ ಮತ್ತೆ ಏರುವ ರೂಢಿಯಿಂದ ಭಯವೇ ಇಲ್ಲದಂತಾಗುತ್ತದೆ. ಈ ಎರಡನ್ನೂ ತಿದ್ದಲು ಕೊನೆಗೆ ಗುರು ಬೇಕು.

ನಮ್ಮ ತೋಟಗಳಿಗೂ ಈ ಕಲಿಕೆ ಹೊರಗಿನದಲ್ಲ. ಔಷಧಿ ಸಿಂಪಡಿಸುವ ಡ್ರೋನು ನಡೆಸುವವರಿಗೆ 2021ರ ಡ್ರೋನ್ ನಿಯಮಗಳ ಪ್ರಕಾರ ಮಾನ್ಯ ಸಂಸ್ಥೆಯ ತರಬೇತಿ ಮತ್ತು ಪ್ರಮಾಣಪತ್ರ ಬೇಕಾಗುತ್ತದೆ. ಅಲ್ಲಿಯೂ ಮೊದಲು ಕಂಪ್ಯೂಟರಿನ ಮುಂದೆ ಕೂರಿಸಿ, ಆಮೇಲೆ ಬಯಲಿಗೆ ಕರೆದೊಯ್ಯುತ್ತಾರೆ. ಬೆಲೆಬಾಳುವ ಯಂತ್ರವನ್ನು ಅಡಿಕೆ ಸೋಗೆಗೆ ಬಡಿಸಿ ಕಲಿಯುವುದಕ್ಕಿಂತ ಪರದೆಯಲ್ಲಿ ಬಡಿಸಿ ಕಲಿಯುವುದು ಮೇಲು.

ಸದಸ್ಯರಿಗೆ ನಮ್ಮ ಉತ್ತರ

ಈಗ ಆ ಸದಸ್ಯರ ಪ್ರಶ್ನೆಗೆ ಬರೋಣ. ಇದು ಆಟವೋ ವಿದ್ಯೆಯೋ? ಲಿಂಕ್‌ನ ಯಂತ್ರ ಒಂದೇ. ಮೈದಾನದಲ್ಲಿ ಅದು ಆಟಿಕೆ, 1934ರ ಬಳಿಕ ಅದೇ ಜೀವರಕ್ಷಕ. ಕೂತವನು ಏನು ಮಾಡಲು ಕೂತ ಎಂಬುದರ ಮೇಲೆ ಹೋಗುತ್ತದೆ.

ಆದುದರಿಂದ ನಮ್ಮ ಸಲಹೆ ಇದು. ಔಷಧಿಯ ಕೂಲಿಯ ಹಣವನ್ನು ಮುಟ್ಟಬೇಡಿ. ಕೊಳೆರೋಗ ಯಾರಿಗೂ ಕಾಯುವುದಿಲ್ಲ. ಪಟ್ಟಿಯಲ್ಲಿರುವ ಪರದೇಶದ ಸಾಮಾನಿಗೆಲ್ಲ ಅಡ್ಡಗೀಟು ಹಾಕಿ. ಬದಲಿಗೆ ಹುಡುಗನಿಗೆ ಕೊಟ್ಟಿಗೆಯ ಮೂಲೆಯಲ್ಲಿರುವ ಪ್ಲೈವುಡ್ಡಿನ ತುಂಡು, ಹಳೆಯ ಪಂಪಿನ ಬೋಲ್ಟು, ಹರಿದ ಸೈಕಲ್ಲಿನ ಸ್ಪ್ರಿಂಗು, ಮತ್ತು ಪೊಟೆನ್ಶಿಯೊಮೀಟರ್, ಆರ್ಡುಯಿನೊ ಹಲಗೆಗಳಿಗೆ ಬೇಕಾದಷ್ಟು ಹಣ ಕೊಡಿ. ಖರ್ಚಿನ ಲೆಕ್ಕ ಅವನೇ ಬರೆಯಲಿ. ಬೇಸಗೆ ರಜೆ ಮುಗಿಯುವುದರೊಳಗೆ ಹಿಡಿಕೆ ಮತ್ತು ಪೆಡಲು ಆಡಿದರೆ ಮುಂದಿನ ಮಾತು.

ಕಟ್ಟಿ ಮುಗಿದ ದಿನ ನೀವೂ ಹೋಗಿ ಪಕ್ಕದಲ್ಲಿ ನಿಲ್ಲಿ. ಹೊರನೋಟದ ಪರದೆಗೆ ಒಂದು ಬೈರಾಸು ಹೊದಿಸಿ, ಐದು ನಿಮಿಷ ಒಂದೇ ಎತ್ತರದಲ್ಲಿ ಒಂದೇ ದಿಕ್ಕಿಗೆ ಹಾರಲು ಹೇಳಿ. ಮೊದಲ ಸಲ ಆಗಲಾರದು, ಬೀಳುತ್ತಾನೆ. ಬಿದ್ದವನು ಯಾಕೆ ಬಿದ್ದೆನೆಂದು ನೋಡಿ, ಮತ್ತೆ ಹಿಡಿಕೆಗೆ ಕೈ ಹಾಕಿದರೆ ನೀವು ಕೊಟ್ಟ ಹಣ ವಿದ್ಯೆಗೆ ಹೋಯಿತೆಂದು ಲೆಕ್ಕ ಬರೆದುಕೊಳ್ಳಿ. ಎದ್ದು ಹೋದರೆ ಪ್ಲೈವುಡ್ಡು ಹೇಗೂ ನಿಮ್ಮದೇ; ಜೇನುಪೆಟ್ಟಿಗೆಗೆ ಬಂದೀತು.